ಗಣಿತ, ಕ್ರೈಸ್ತ ದೇವಶಾಸ್ತ್ರ, ಭೌತಶಾಸ್ತ್ರ, ಕಾರ್ಖಾನೆ ಸುರಕ್ಷತೆ: ನಾಲ್ಕನ್ನೂ ಸೇರಿಸಿ ಸಂಶೋಧನೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಕೆಜಿಎಫ್, ಬಂಗಾರಪೇಟೆ, ಮಾಲೂರು ಕಡೆಯ ಎಂಎಸ್ಸಿ ವಿದ್ಯಾರ್ಥಿಗಳು, ಸೆಮಿನರಿಯಲ್ಲಿ (ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು) ಓದುವವರು, ನರಸಾಪುರ, ವೇಮಗಲ್ ಕಾರ್ಖಾನೆಗಳ ಸೇಫ್ಟಿ ಆಫೀಸರ್‌ಗಳು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು. ಬೇಕಾದದ್ದು ಓದಿ, ಉಳಿದದ್ದು ಬಿಡಿ.

ಗಣಿತ, ಬೈಬಲ್, ಭೌತಶಾಸ್ತ್ರ, ಹೆಲ್ಮೆಟ್ಟು: ಇವಕ್ಕೆಲ್ಲ ಏನ್ ಸಾರ್ ಸಂಬಂಧ?

ನಾಲ್ಕು ವಿಷಯಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಸಂಬಂಧ ಏನೂ ಇಲ್ಲ. ಹಾಗೆ ಇಟ್ಟ ಪಿಎಚ್‌ಡಿ ಪ್ರಸ್ತಾವಗಳು ಬರುತ್ತಲೇ ಇರುತ್ತವೆ, ಬಂದ ಹಾಗೇ ವಾಪಸ್ಸೂ ಹೋಗುತ್ತವೆ. ಸಂಬಂಧ ಹುಟ್ಟುವುದು ಪ್ರಶ್ನೆಯಿಂದ. ನಾನು ಹಿಡಿದುಕೊಂಡಿರುವ ಪ್ರಶ್ನೆ ಇದು: ಇಷ್ಟು ದಿನ ಒಂದು ಸಲವೂ ಆಗಿಲ್ಲ, ಹಾಗಂತ ಮುಂದೆಯೂ ಆಗಲ್ಲ ಅನ್ನಬಹುದಾ?

ಕಾರ್ಖಾನೆಯವರು ಇದನ್ನು ಅಪಘಾತದ ಬಗ್ಗೆ ಕೇಳುತ್ತಾರೆ. ಭೌತಶಾಸ್ತ್ರದವರು ಪರಮಾಣುವಿನೊಳಗಿನ ಪ್ರೋಟಾನ್ ಕಣ ಒಡೆಯುತ್ತದಾ ಅಂತ ಕೇಳುತ್ತಾರೆ. ದೇವಶಾಸ್ತ್ರದವರು ಪವಾಡದ ವಿಚಾರದಲ್ಲಿ ಕೇಳುತ್ತಾರೆ. ಮೂವರಿಗೂ ಬೇಕಾದ ಲೆಕ್ಕ ಮಾತ್ರ ಒಂದೇ. ನಮ್ಮ ಜಿಲ್ಲೆಯ ಚಿನ್ನದ ಗಣಿಯಲ್ಲಂತೂ ಭೌತಶಾಸ್ತ್ರದ ಪ್ರಶ್ನೆಯನ್ನೂ ಸುರಕ್ಷತೆಯ ಪ್ರಶ್ನೆಯನ್ನೂ ಒಂದೇ ಬಂಡೆಯ ಕೆಳಗೆ ಕೇಳಿದ್ದಾರೆ.

ನಮ್ಮ ಗೇಟಿನ ಬೋರ್ಡಿನಲ್ಲಿ "300 ದಿನ ಅಪಘಾತವಿಲ್ಲ" ಅಂತ ಹಾಕಿದ್ದಾರೆ. ಅದು ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ಆದರೆ ಬೋರ್ಡು ಹೇಳುವುದು ನೀವು ಅಂದುಕೊಂಡಷ್ಟಲ್ಲ.

ಒಂದು ಕಾರ್ಖಾನೆಯಲ್ಲಿ ದಿನಕ್ಕೆ ಅಪಘಾತದ ಸಂಭವ ನೂರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಒಂದು ದಿನ ಏನೂ ಆಗದೆ ಕಳೆಯುವ ಸಂಭವ 0.99. ಹಾಗೇ 300 ದಿನ ಕಳೆಯಬೇಕಾದರೆ 0.99 ಅನ್ನು 300 ಸಲ ಗುಣಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ, 0.049 ಬರುತ್ತದೆ. ಅಂದರೆ ಅಷ್ಟು ಅಪಾಯದ ಇಪ್ಪತ್ತು ಕಾರ್ಖಾನೆಗಳಿದ್ದರೆ ಅದರಲ್ಲಿ ಒಂದರ ಗೇಟಿನಲ್ಲಿ ನಿಮ್ಮದೇ ಬೋರ್ಡು ಇರುತ್ತದೆ. ದಿನಕ್ಕೆ ನೂರಕ್ಕೆ ಒಂದು ಅಂದರೆ 300 ದಿನಕ್ಕೆ ಸರಾಸರಿ ಮೂರು ಅಪಘಾತ. ಅಂಥ ಕಾರ್ಖಾನೆ ಕೂಡ ಅದೃಷ್ಟ ನೆಟ್ಟಗಿದ್ದರೆ ಈ ಬೋರ್ಡು ನೇತು ಹಾಕಬಹುದು.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಅನ್ನುತ್ತಾರೆ. ನೋಡಿದ ದಿನಗಳಿಂದ 3ನ್ನು ಭಾಗಿಸಿ. ಬಂದದ್ದು ಅಪಾಯದ ಮೇಲಿನ ಮಿತಿ, 95% ಭರವಸೆಯ ಮಟ್ಟದಲ್ಲಿ. 300 ದಿನಕ್ಕೆ 1%. 1000 ದಿನಕ್ಕೆ 0.3%. ಎಷ್ಟೇ ದಿನ ಕಾದರೂ ಅದು ಸೊನ್ನೆ ಆಗಲ್ಲ.

ಬೋರ್ಡಿನ ಇನ್ನೊಂದು ರಗಳೆ ಗಣಿತದ್ದಲ್ಲ. ಅಂಕಿ ದೊಡ್ಡದಾದಷ್ಟೂ ಅದನ್ನು ಕಾಪಾಡುವ ಆಸೆ ಜಾಸ್ತಿ. ಪ್ರೆಸ್‌ನಲ್ಲಿ ಬೆರಳು ಜಜ್ಜಿಕೊಂಡವನಿಗೆ ಬ್ಯಾಂಡೇಜು ಕಟ್ಟಿ, ಸ್ಟೋರ್ ರೂಮಿನಲ್ಲಿ ಕೂರಿಸಿ, ಟೀ ತರಿಸಿಕೊಟ್ಟು, ರಿಜಿಸ್ಟರಿನಲ್ಲಿ ಮಾತ್ರ ಏನೂ ಬರೆಯದೆ ಬಿಡುವುದು ಯಾವ ಕೈಗಾರಿಕಾ ಪ್ರದೇಶದವರಿಗೂ ಹೊಸದಲ್ಲ. 500ನೇ ದಿನಕ್ಕೆ ಸ್ವೀಟ್ ಬಾಕ್ಸ್ ಹಂಚುತ್ತೇವೆ ಅಂದರೆ 490ನೇ ದಿನದಿಂದ ಗಾಯಗಳು ಮಾಯ. ಸಂಶೋಧನೆ ಮಾಡುವವರು ಬೋರ್ಡು ಬಿಟ್ಟು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಖರ್ಚಿನ ಲೆಕ್ಕ ನೋಡುವುದು ಮೇಲು.

ಈ ನಿಯಮವನ್ನು ಎಲ್ಲ ಕಡೆಯೂ ಹಾಕಬಹುದಾ?

ಇಲ್ಲ. ಪ್ರತಿ ದಿನವೂ ಅಪಾಯ ಒಂದೇ ಸಮ ಇದೆ, ಇವತ್ತಿನದಕ್ಕೂ ನಾಳೆಯದಕ್ಕೂ ನಂಟಿಲ್ಲ ಅನ್ನುವ ಎರಡು ಷರತ್ತು ಅದರೊಳಗಿವೆ. ಗಣಿಯಲ್ಲಿ ಅವೆರಡೂ ನಿಲ್ಲಲ್ಲ. ಅಗೆದಷ್ಟೂ ಬಂಡೆಯ ಮೇಲಿನ ಒತ್ತಡ ಬದಲಾಗುತ್ತಾ ಹೋಗುತ್ತದೆ. ನಿನ್ನೆ ನಿಂತ ಕಲ್ಲು ಇವತ್ತು ಅದೇ ಕಲ್ಲಲ್ಲ.

ಸಿಲಿಕೋಸಿಸ್ ಇನ್ನೂ ಕೆಟ್ಟದ್ದು. ಕ್ವಾರ್ಟ್ಜ್ ಧೂಳು ಕುಡಿದವನ ಶ್ವಾಸಕೋಶ ಕೆಡುವುದು ಸಾಮಾನ್ಯವಾಗಿ ಹತ್ತಾರು ವರ್ಷ ಕಳೆದ ಮೇಲೆ. ಅಷ್ಟು ದಿನವೂ ಬೋರ್ಡು ಸ್ವಚ್ಛ. ಕೆಜಿಎಫ್ ಕಾರ್ಮಿಕರ ಮನೆಗಳಿಗೆ ಇದು ಗೊತ್ತಿರುವ ಸಂಗತಿ. ಈಗ ಕೋಲಾರ, ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್‌ಗಳಲ್ಲಿ ಟವೆಲ್ ಮೂಗಿಗೆ ಕಟ್ಟಿಕೊಂಡು ದುಡಿಯುವ ಹುಡುಗರಿಗೂ ಗೊತ್ತಾಗಬೇಕಾದದ್ದು. ಟವೆಲ್‌ಗೆ ಆ ಸಣ್ಣ ಧೂಳನ್ನು ತಡೆಯುವ ಶಕ್ತಿ ಇಲ್ಲ.

ಇದರಲ್ಲಿ ಪಾದ್ರಿಗಳು ಎಲ್ಲಿಂದ ಬಂದರು?

ಮೊದಲಿನಿಂದಲೂ ಇದ್ದರು. ಇವತ್ತು ಮೆಷಿನ್ ಲರ್ನಿಂಗ್ ಓದುವವರೆಲ್ಲ ಜಪಿಸುವ ಬೇಸ್ ಪ್ರಮೇಯದ (ಹೊಸ ಸಾಕ್ಷಿ ಸಿಕ್ಕಾಗ ಸಂಭವದ ಅಂದಾಜನ್ನು ತಿದ್ದುವ ಲೆಕ್ಕ) ಥಾಮಸ್ ಬೇಸ್, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಊರಿನಲ್ಲಿ ಸಭಾಪಾಲಕರಾಗಿದ್ದವರು. 1761ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳಲ್ಲಿದ್ದ ಪ್ರಬಂಧವನ್ನು ತಿದ್ದಿ, 1763ರಲ್ಲಿ ರಾಯಲ್ ಸೊಸೈಟಿಗೆ ಕಳಿಸಿದವರು ರಿಚರ್ಡ್ ಪ್ರೈಸ್. ಅವರೂ ಸಭಾಪಾಲಕರೇ.

ಅದಕ್ಕೆ ಮುಂಚೆ, 1748ರಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಒಂದು ವಾದ ಹೂಡಿದ್ದರು. ಪ್ರಕೃತಿಯ ನಿಯಮ ಮುರಿದದ್ದನ್ನು ಎಲ್ಲರ ಅನುಭವವೂ ಅಲ್ಲಗಳೆಯುತ್ತದೆ, ಹಾಗಾಗಿ ಪವಾಡ ಕಂಡೆ ಅನ್ನುವ ಸಾಕ್ಷಿಗಿಂತ ಸಾಕ್ಷಿ ತಪ್ಪಿರುವ ಸಂಭವವೇ ಜಾಸ್ತಿ ಅಂತ. ಸ್ಕಾಟ್ಲೆಂಡಿನ ಪಾದ್ರಿ ಜಾರ್ಜ್ ಕ್ಯಾಂಪ್‌ಬೆಲ್ 1762ರಲ್ಲಿ ಉತ್ತರ ಕೊಟ್ಟರು. ಹೊಳೆ ದಾಟಿಸುವ ದೋಣಿ ಸಾವಿರಾರು ಸಲ ಸುರಕ್ಷಿತವಾಗಿ ಹೋಗಿ ಬಂದಿದೆ. ಒಂದು ದಿನ ಯಾರೋ ಅಪರಿಚಿತ ಓಡಿ ಬಂದು ದೋಣಿ ಮುಳುಗಿತು ಅಂದರೆ ನಂಬುತ್ತೇವಲ್ಲ? ಸಾವಿರಾರು ಸಲದ ಅನುಭವ ಒಬ್ಬನ ಮಾತಿಗೆ ತಲೆಬಾಗುತ್ತದಲ್ಲ? ಪವಾಡದ ಚರ್ಚೆಗೆ ತಂದ ಉದಾಹರಣೆ ನೋಡಿ, ಶುದ್ಧ ಸಾರಿಗೆ ಸುರಕ್ಷತೆಯದು!

ಪ್ರೈಸ್ 1767ರಲ್ಲಿ ಬೇಸ್ ಲೆಕ್ಕವನ್ನೇ ಹಿಡಿದು ಹ್ಯೂಮ್‌ಗೆ ಎದುರು ನಿಂತರು. ಸಮುದ್ರದ ಉಬ್ಬರ ಲಕ್ಷಾಂತರ ಸಲ ತಪ್ಪದೆ ಬಂದಿರಬಹುದು. ಅದರಿಂದ ಮುಂದಿನ ಸಲ ತಪ್ಪುವ ಸಂಭವ ಬಹಳ ಕಡಿಮೆ ಅನ್ನಬಹುದು, ಇಲ್ಲವೇ ಇಲ್ಲ ಅನ್ನಲಾಗದು. ಮೂರರ ನಿಯಮ ಹೇಳುವುದೂ ಇದನ್ನೇ. ಇದೇ ಪ್ರೈಸ್ 1771ರಲ್ಲಿ ಪಿಂಚಣಿ, ವಿಧವಾ ವೇತನ, ಜೀವವಿಮೆಗಳ ಲೆಕ್ಕದ ಬಗ್ಗೆ ಬರೆದರು. ಲಂಡನ್ನಿನ ಈಕ್ವಿಟಬಲ್ ವಿಮಾ ಸಂಸ್ಥೆಗೆ ಸಲಹೆ ಕೊಡುತ್ತಿದ್ದರು. ಗಣಿತ, ದೇವಶಾಸ್ತ್ರ, ಅಪಾಯದ ಲೆಕ್ಕ, ಮೂರೂ ಒಬ್ಬರ ಮೇಜಿನ ಮೇಲೆ. ನಮ್ಮ ಸೆಮಿನರಿಗಳಲ್ಲಿ ಇವರ ಹೆಸರು ಕೇಳಿಸುವುದೇ ಅಪರೂಪ, ಅದು ನನಗೆ ಬೇಸರದ ವಿಷಯ.

ಹಾಗಾದರೆ ಪವಾಡ ನಡೆಯಿತು ಅಂತ ಗಣಿತದಿಂದ ಸಾಬೀತಾಯ್ತಾ?

ಇಲ್ಲಪ್ಪ. "ಆಗೋಕೆ ಸಾಧ್ಯವೇ ಇಲ್ಲ" ಅನ್ನುವುದಕ್ಕೆ ಆಧಾರ ಸಾಲದು, ಪ್ರೈಸ್ ತೋರಿಸಿದ್ದು ಅಷ್ಟೇ. ಆಯಿತು ಅನ್ನಲು ಸಾಕ್ಷಿ ಬೇಕು, ಸಾಕ್ಷಿ ಎಷ್ಟು ಗಟ್ಟಿ ಅಂತ ತೂಗಬೇಕು. ಅದು ಇತಿಹಾಸದ ಕೆಲಸ, ನಂಬಿಕೆಯ ಕೆಲಸ.

ಭೌತಶಾಸ್ತ್ರದಿಂದ ದೇವರನ್ನು ಸಾಬೀತು ಮಾಡಲು ಹೊರಡುವವರಿಗೂ ಇದೇ ಮಾತು. ವಿಶ್ವ ಒಂದು ಆದಿಕಣದಿಂದ ಹಿಗ್ಗಿತು ಎಂಬ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಗುರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯಸ್ ಆ ಸಿದ್ಧಾಂತವನ್ನು ಸೃಷ್ಟಿಗೆ ಪುಷ್ಟಿ ಎಂಬಂತೆ ಮಾತಾಡಿದಾಗ ಲಮೈತ್ರ್‌ಗೆ ಹಿಡಿಸಲಿಲ್ಲ. ವಿಜ್ಞಾನವನ್ನು ವಿಜ್ಞಾನವಾಗಿಯೇ ಬಿಡಿ ಅನ್ನುವುದು ಅವರ ನಿಲುವು. ಪ್ರಸ್ತಾವ ಬರೆಯುವ ಮುಂಚೆ ಇವರ ಬಗ್ಗೆ ಒಂದಿಷ್ಟು ಓದಿಕೊಳ್ಳಿ.

ಪಾಸ್ಕಲ್‌ನ ಪಣ ತೆಗೆದುಕೊಂಡು ಪ್ರಬಂಧ ಬರೆಯಲಾ?

ಬೇಡ. ದೇವರಿದ್ದರೆ ನಂಬಿದವನಿಗೆ ಲಾಭ ಅಪಾರ, ಇಲ್ಲದಿದ್ದರೆ ನಷ್ಟ ಅಲ್ಪ, ಹಾಗಾಗಿ ನಂಬುವುದೇ ಜಾಣತನ ಅನ್ನುವ ವಾದ ಅದು. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಬಹುತೇಕರು ಅಲ್ಲೇ ನಿಲ್ಲುತ್ತಾರೆ.

ಕೆಜಿಎಫ್ ಗಣಿಯಲ್ಲಿ ಭೌತಶಾಸ್ತ್ರದ ಪ್ರಯೋಗ ಆಗಿತ್ತು ಅಂತಾರೆ. ನಿಜಾನಾ?

ನಿಜ, ಅದೂ ಜಗತ್ತು ತಿರುಗಿ ನೋಡಿದ ಪ್ರಯೋಗ. ಆಕಾಶದಿಂದ ಕಾಸ್ಮಿಕ್ ಕಿರಣಗಳು ಸುರಿಯುತ್ತಲೇ ಇರುತ್ತವೆ. ಅವುಗಳಿಂದ ಹುಟ್ಟುವ ಮ್ಯುಯಾನ್ ಕಣಗಳು ನೆಲದೊಳಗೂ ತೂರುತ್ತವೆ. ಎಷ್ಟು ಆಳಕ್ಕೆ ಎಷ್ಟು ತಲುಪುತ್ತವೆ ಅಂತ ಅಳೆಯಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲೇ ಇಲ್ಲಿ ಗಣಿಗೆ ಇಳಿದರು. ಹೋಮಿ ಭಾಭಾ ಅವರ ಉತ್ತೇಜನ ಇತ್ತು. ಬಿ.ವಿ. ಶ್ರೀಕಂಠನ್ ಮೊದಲ ಅಳತೆಗಳನ್ನು ಮಾಡಿದವರಲ್ಲಿ ಒಬ್ಬರು. ಆಮೇಲೆ ಎಂ.ಜಿ.ಕೆ. ಮೆನನ್ ಮುಂತಾದವರು ಇನ್ನೂ ಆಳಕ್ಕೆ ಹೋದರು. ಅತಿ ಆಳದ ಜಾಗದಲ್ಲಿ ಉಪಕರಣ ಇಟ್ಟು ಕಾದರು. ಒಂದು ಮ್ಯುಯಾನೂ ಸಿಗಲಿಲ್ಲ.

ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಅಂತ ಪೆಟ್ಟಿಗೆ ಕಟ್ಟುತ್ತಿದ್ದರೇನೋ. ಇವರು ಆ ಸೊನ್ನೆಯನ್ನೇ ಸಂಪತ್ತು ಮಾಡಿಕೊಂಡರು. ಅಷ್ಟು ಸದ್ದಿಲ್ಲದ ಜಾಗ ಅಂದರೆ ನ್ಯೂಟ್ರಿನೋ ಎಂಬ ಅತಿ ಹಗುರ ಕಣವನ್ನು ಹುಡುಕಲು ಹೇಳಿ ಮಾಡಿಸಿದ ಜಾಗ. ನ್ಯೂಟ್ರಿನೋಗೆ ಬಂಡೆ ಲೆಕ್ಕಕ್ಕೇ ಇಲ್ಲ, ಭೂಮಿಯನ್ನೇ ಹಾದು ಹೋಗುತ್ತದೆ. ಅಪರೂಪಕ್ಕೆ ಒಂದು ಬಂಡೆಯ ಅಣುವಿಗೆ ಬಡಿದು ಮ್ಯುಯಾನ್ ಹುಟ್ಟಿಸುತ್ತದೆ. ಹಾಗಾದರೆ ಅದು ನ್ಯೂಟ್ರಿನೋದಿಂದ ಬಂದದ್ದು ಅಂತ ಗುರುತು ಹಿಡಿಯುವುದು ಹೇಗೆ? ಓರೆ ನೋಡಬೇಕು. ನೆಟ್ಟಗೆ ಮೇಲಿನಿಂದ ಬಂದರೆ ಮಾಮೂಲಿ ಕಾಸ್ಮಿಕ್ ಮ್ಯುಯಾನ್ ಇರಬಹುದು. ಅಡ್ಡಡ್ಡ ಬಂದರೆ ಅಷ್ಟು ದಪ್ಪ ಬಂಡೆಯನ್ನು ದಾಟಿ ಬರಲು ಅದಕ್ಕೆ ಆಗದು. ಅದು ಅಲ್ಲೇ ಹತ್ತಿರ ಹುಟ್ಟಿದ್ದೇ ಆಗಿರಬೇಕು.

ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಸೇರಿ 1965ರಲ್ಲಿ ಅಂಥ ಅಡ್ಡ ಗೆರೆಗಳನ್ನು ಹಿಡಿದವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಅದು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಫ್ರೆಡರಿಕ್ ರೈನ್ಸ್ ತಂಡವೂ ಇದನ್ನೇ ಹುಡುಕುತ್ತಿತ್ತು. ಅವರು ಕಂಡದ್ದು ಮೊದಲು, ಆದರೆ ಕೋಲಾರದ ವರದಿ ಆಗಸ್ಟಿನಲ್ಲಿ ಎರಡು ವಾರ ಮುಂಚೆ ಅಚ್ಚಾಯಿತು. ಕೆಜಿಎಫ್ ಅಂದರೆ ಚಿನ್ನ ಮತ್ತು ಸಿನಿಮಾ ಅಷ್ಟೇ ಅಂದುಕೊಂಡವರಿಗೆ ಇದನ್ನು ಹೇಳಿ.

ಪ್ರೋಟಾನ್ ಒಡೆಯುವ ಪ್ರಯೋಗ ಅಂದರೆ?

ಕೆಲವು ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಕೂಡ ಎಂದೋ ಒಂದು ದಿನ ಒಡೆಯಬೇಕು, ಸರಾಸರಿ 10ರ ಘಾತ 31 ವರ್ಷಕ್ಕೆ ಅಂತ ಒಂದು ಅಂದಾಜಿತ್ತು. ಅಷ್ಟು ವರ್ಷ ಕಾಯಲು ಯಾರಿಂದಾಗುತ್ತೆ? ಅದಕ್ಕೆ ಬದಲು ಪ್ರೋಟಾನುಗಳನ್ನೇ ಜಾಸ್ತಿ ಇಟ್ಟುಕೊಂಡು ಒಂದಿಷ್ಟು ವರ್ಷ ಕಾಯುವುದು. ನೂರು ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿ ಸುಮಾರು 6 ಗುಣಿಸು 10ರ ಘಾತ 31 ಕಣಗಳಿವೆ. ಒಂದು ವರ್ಷ ಕಾದು ಒಂದೂ ಒಡೆಯದಿದ್ದರೆ? ಮತ್ತೆ ಮೂರರ ನಿಯಮ. 6ನ್ನು 3ರಿಂದ ಭಾಗಿಸಿ: ಆಯಸ್ಸು 2 ಗುಣಿಸು 10ರ ಘಾತ 31 ವರ್ಷಕ್ಕಿಂತ ಕಡಿಮೆ ಇರಲಾರದು. ಇದು ಸ್ಥೂಲ ಲೆಕ್ಕ. ನಿಜವಾದ ಪ್ರಯೋಗದಲ್ಲಿ ಉಪಕರಣ ಎಷ್ಟನ್ನು ಹಿಡಿಯುತ್ತದೆ ಅನ್ನುವುದನ್ನೂ ಸೇರಿಸಬೇಕು. ಆದರೂ ಕಾರ್ಖಾನೆ ಬೋರ್ಡಿನ ಲೆಕ್ಕವೇ ಇಲ್ಲೂ ಕೂತಿದೆ.

ಕೆಜಿಎಫ್‌ನಲ್ಲಿ 1980ರ ದಶಕದಲ್ಲಿ ಈ ಪ್ರಯೋಗ ನಡೆಯಿತು. ಪ್ರೋಟಾನ್ ಒಡೆದಿರಬಹುದು ಅನ್ನಿಸುವ ಕೆಲವು ಘಟನೆಗಳನ್ನು ಅವರು ವರದಿ ಮಾಡಿದರು, ಬೇರೆಡೆ ಅದು ದೃಢವಾಗಲಿಲ್ಲ. ಈಗ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗ ಆ ಮಿತಿಯನ್ನು 10ರ ಘಾತ 34 ವರ್ಷದಾಚೆಗೆ ತಳ್ಳಿದೆ. ಒಂದೂ ಒಡೆದಿಲ್ಲ, ಆದರೂ "ಒಡೆಯುವುದೇ ಇಲ್ಲ" ಅಂತ ಯಾರೂ ಬರೆಯಲ್ಲ. ಮಿತಿ ಬರೆಯುತ್ತಾರೆ. ಸೇಫ್ಟಿ ವರದಿ ಬರೆಯುವವರು ಇದೊಂದು ಪದ್ಧತಿಯನ್ನು ಕಲಿತರೂ ಸಾಕು.

ಗಣಿಯಲ್ಲಿ "ಏರ್‌ಬ್ಲಾಸ್ಟ್" ಆಗುತ್ತಿತ್ತು ಅಂತ ತಾತ ಹೇಳುತ್ತಿದ್ದರು. ಅದೇನು?

ಬಂಡೆ ಸಿಡಿತ. ಆಳದಲ್ಲಿ ಮೇಲಿನ ಬಂಡೆಯ ಭಾರ ಭಯಂಕರ. ಅದಿರು ತೆಗೆದು ಜಾಗ ಖಾಲಿ ಆದಾಗ ಆ ಭಾರ ಪಕ್ಕದ ಬಂಡೆಗೆ ಬೀಳುತ್ತದೆ. ಕೋಲಾರದ ಬಂಡೆ ಗಟ್ಟಿ ಮತ್ತು ಬಿರುಸು, ಬಾಗಲ್ಲ. ತಡೆದು ತಡೆದು ಒಮ್ಮೆಲೇ ಸಿಡಿಯುತ್ತದೆ. ಮೇಲೆ ಊರಿನಲ್ಲಿ ಪಾತ್ರೆ ಅಲುಗುವಷ್ಟು ಜೋರಾಗಿ ಆದದ್ದೂ ಉಂಟು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿತ್ತು, ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಅಂಥ ಕಡೆ ಮನುಷ್ಯರು ಪಾಳಿ ದುಡಿದರು.

ಖಾಲಿ ಜಾಗಕ್ಕೆ ಕಲ್ಲು, ಕಾಂಕ್ರೀಟು ತುಂಬುವುದು, ಅಗೆಯುವ ಕ್ರಮ ಬದಲಿಸುವುದು, ಜಿಯೋಫೋನ್ ಇಟ್ಟು ಬಂಡೆಯ ಸಣ್ಣ ಸದ್ದುಗಳನ್ನು ಕೇಳುವುದು, ಇವೆಲ್ಲ ಇಲ್ಲೇ ಬೆಳೆದ ವಿದ್ಯೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ. ಸಣ್ಣ ಸದ್ದುಗಳ ಸಂಖ್ಯೆಯಿಂದ ದೊಡ್ಡ ಸಿಡಿತದ ಸಂಭವ ಅಂದಾಜು ಮಾಡುವುದು ಒಳ್ಳೆಯ ಗಣಿತದ ವಿಷಯ, ಯಾರಾದರೂ ಕೈಗೆತ್ತಿಕೊಳ್ಳಿ.

"ಇಷ್ಟು ದಿನ ಏನೂ ಆಗಿಲ್ಲ" ಅನ್ನುವ ಮಾತು ನಿಜವಾಗಿ ಜೀವ ತೆಗೆದದ್ದಿದೆಯಾ?

1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ಶಟಲ್ ಚಾಲೆಂಜರ್ ಒಡೆದು ಏಳು ಜನ ಸತ್ತರು. ಅದಕ್ಕೆ ಮುಂಚೆ ಶಟಲ್‌ಗಳು 24 ಸಲ ಹೋಗಿ ಬಂದಿದ್ದವು. 3ನ್ನು 24ರಿಂದ ಭಾಗಿಸಿ, ನೂರಕ್ಕೆ 12ರವರೆಗೂ ಅಪಾಯ ಇದ್ದಿರಬಹುದು ಅನ್ನುತ್ತದೆ ಲೆಕ್ಕ. ಆದರೆ ಆಡಳಿತದವರು ಲಕ್ಷಕ್ಕೆ ಒಂದು ಅನ್ನುತ್ತಿದ್ದರು, ಎಂಜಿನಿಯರುಗಳು ನೂರಕ್ಕೆ ಒಂದರ ಹತ್ತಿರ ಅನ್ನುತ್ತಿದ್ದರು. ತನಿಖೆಯಲ್ಲಿ ಈ ಅಂತರವನ್ನು ಎತ್ತಿ ತೋರಿಸಿದವರು ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್.

ಅಷ್ಟು ದೂರ ಹೋಗಬೇಕಿಲ್ಲ. 2021ರ ಫೆಬ್ರವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಜಿಲೆಟಿನ್ ಕಡ್ಡಿ ದಿನಾ ಮುಟ್ಟುವ ಕೈಗೆ ಅದರ ಭಯ ಉಳಿಯುವುದು ಕಷ್ಟ.

ಬೈಬಲ್‌ನಲ್ಲಿ ಸುರಕ್ಷತೆಯ ಬಗ್ಗೆ ಏನಾದರೂ ಇದೆಯಾ, ಅಥವಾ ನೀವೇ ಎಳೆದು ತರುತ್ತಿದ್ದೀರಾ?

ಎಳೆದು ತರಬೇಕಾಗಿಲ್ಲ. ಧರ್ಮೋಪದೇಶಕಾಂಡ 22ನೇ ಅಧ್ಯಾಯದ 8ನೇ ವಚನ ನೋಡಿ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದು ಸತ್ತವನ ರಕ್ತಾಪರಾಧ ಮನೆಯ ಮೇಲೆ. ಯಾರೂ ಬೀಳುವ ಮುಂಚೆಯೇ ಕಟ್ಟಬೇಕು ಅನ್ನುವುದನ್ನು ಗಮನಿಸಿ. ಹೊಣೆಯೂ ಬಿದ್ದವನದಲ್ಲ, ಕಟ್ಟಿಸಿದವನದು.

ಲೂಕನ ಸುವಾರ್ತೆ 13ನೇ ಅಧ್ಯಾಯದಲ್ಲಿ ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತ ಮಾತು ಬರುತ್ತದೆ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾನೆ, ಅಲ್ಲ ಅಂತ ತಾನೇ ಹೇಳುತ್ತಾನೆ. ಕಾರ್ಖಾನೆ ತನಿಖಾ ವರದಿಗಳಲ್ಲಿ "ಕಾರ್ಮಿಕನ ಅಜಾಗರೂಕತೆ" ಅಂತ ಒಂದೇ ಸಾಲಿನಲ್ಲಿ ಕೈ ತೊಳೆದುಕೊಳ್ಳುವವರು ಆ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಸತ್ತವನ ಹಣೆಬರಹ ಅನ್ನುವ ನಮ್ಮ ಮಾತೂ ಅದೇ ಕೈ ತೊಳೆಯುವಿಕೆ. ಯೋಬನ 28ನೇ ಅಧ್ಯಾಯದಲ್ಲಂತೂ ಗಣಿಯ ವರ್ಣನೆಯೇ ಇದೆ: ಕತ್ತಲೆಯೊಳಗೆ ಅದಿರು ಹುಡುಕುವವರು, ಜನರಿಂದ ದೂರ ನೇತಾಡುವವರು. ಕೆಜಿಎಫ್ ಕುರಿತು ದೇವಶಾಸ್ತ್ರದ ಪ್ರಬಂಧ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಎಷ್ಟು ಖರ್ಚು ಮಾಡಿದರೆ ಸಾಕು? ಜೀವಕ್ಕೆ ಬೆಲೆ ಕಟ್ಟುವುದು ತಪ್ಪಲ್ವಾ?

ಇದೇ ನಿಜವಾದ ಗಂಟು. 1949ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಯ ಸಾವಿನ ಮೊಕದ್ದಮೆಯೊಂದರಲ್ಲಿ ಕೋರ್ಟು ಅಪಾಯವನ್ನು ತಕ್ಕಡಿಯ ಒಂದು ತಟ್ಟೆಗೂ ಅದನ್ನು ತಪ್ಪಿಸುವ ಖರ್ಚು, ಶ್ರಮಗಳನ್ನು ಇನ್ನೊಂದಕ್ಕೂ ಹಾಕಿತು. ಖರ್ಚು ಅಪಾಯಕ್ಕಿಂತ ತೀರಾ ವಿಪರೀತ ಅನ್ನಿಸಿದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ನಮ್ಮ ಸುಪ್ರೀಂ ಕೋರ್ಟು, ಭೋಪಾಲ ಅನಿಲ ದುರಂತದ ನಂತರ, ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಇನ್ನೂ ಗಟ್ಟಿ ನಿಂತಿತು: ಅಪಾಯದ ಉದ್ಯಮ ನಡೆಸುವವರು ಹಾನಿಗೆ ಪೂರ್ತಿ ಹೊಣೆ, ನೆಪ ನಡೆಯಲ್ಲ.

ಬೆಲೆ ಕಟ್ಟುವುದೇ ತಪ್ಪು ಅಂತ ದೇವಶಾಸ್ತ್ರದ ಗೆಳೆಯರು ಹೇಳುತ್ತಾರೆ. ಆದರೆ ಬಜೆಟ್ಟು ಮಾಡುವಾಗ ನಾವು ಹೇಗೂ ಕಟ್ಟಿಯೇ ಇರುತ್ತೇವೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಕಟ್ಟಿದ ಲೆಕ್ಕವನ್ನು ಕಾರ್ಮಿಕನ ಮುಂದೆ ಬಿಚ್ಚಿಡಬೇಕು ಅನ್ನುವುದು ನನ್ನ ಪಕ್ಷ.

ಪಿಎಚ್‌ಡಿ ಯಾವ ವಿಭಾಗದಲ್ಲಿ ಮಾಡಲಿ?

ಒಂದರಲ್ಲಿ ಮನೆ ಮಾಡಿ, ಉಳಿದವಕ್ಕೆ ಹೋಗಿ ಬನ್ನಿ. ಗಣಿತ ಅಥವಾ ಭೌತಶಾಸ್ತ್ರ ಆದರೆ ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹತ್ತಿರ, ತುಮಕೂರು ವಿಶ್ವವಿದ್ಯಾಲಯವೂ ದೂರವಲ್ಲ. ದೇವಶಾಸ್ತ್ರಕ್ಕೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ, ಅದು ಸೆರಾಂಪುರದ ಸೆನೆಟ್‌ಗೆ ಸೇರಿದ್ದು. 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಬೇಕು, ಬೇರೆ ವಿಭಾಗದ ಸಹ ಮಾರ್ಗದರ್ಶಕರನ್ನು ಇಟ್ಟುಕೊಳ್ಳಲು ಅವಕಾಶವಿದೆ. ನಿಮಗೆ ಬೇಕಾದ ಬಾಗಿಲು ಅದೇ. ಮಾರ್ಗದರ್ಶಕರ ಹತ್ತಿರ ಹೋಗುವಾಗ ನಾಲ್ಕು ವಿಷಯದ ಹೆಸರು ಹೇಳಬೇಡಿ, ಒಂದು ಪ್ರಶ್ನೆ ಹೇಳಿ.

ನಾನು ಕ್ರೈಸ್ತನಲ್ಲ. ಪರವಾಗಿಲ್ವಾ?

ಪರವಾಗಿಲ್ಲ. ಹ್ಯೂಮ್ ಕೂಡ ಈ ಚರ್ಚೆಯ ಅರ್ಧ ಭಾಗ.

ಗಣಿತ ಎಷ್ಟು ಬರಬೇಕು?

ಪಿಯುಸಿಯ ಲಾಗರಿದಮ್, ಡಿಗ್ರಿಯ ಸಂಭವನೀಯತೆ, ಬೇಸ್ ಪ್ರಮೇಯ, ಪಾಯ್ಸಾನ್ ಹಂಚಿಕೆ. ಬಂಡೆ ಸಿಡಿತಕ್ಕೆ ಹೋದರೆ ಇನ್ನೂ ಜಾಸ್ತಿ. ಸೆಮಿನರಿಯಿಂದ ಬಂದವರು ಹೆದರುತ್ತಾರೆ, ಬೇಡ. ಕಾರ್ಖಾನೆಯಿಂದ ಬಂದವರು ಎಕ್ಸೆಲ್ ಸಾಕು ಅಂತಾರೆ, ಅದೂ ಬೇಡ.

ಕೆಜಿಎಫ್‌ಗೆ ಬಂದರೆ ಆ ಪ್ರಯೋಗಶಾಲೆ ನೋಡಬಹುದಾ?

ಆಗಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಒಳಗೆ ನೀರು ತುಂಬಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಊರ್ಗಾಂ, ಚಾಂಪಿಯನ್ ಕಡೆ ಇಳಿದರೆ ಗಣಿ ಬಾಯಿಯ ಕಬ್ಬಿಣದ ಗೋಪುರಗಳು ಹೊರಗಿನಿಂದ ಕಾಣಿಸುತ್ತವೆ. ಬೇಲಿ ದಾಟಬೇಡಿ. ಹಳೆಯ ಕಾರ್ಮಿಕರನ್ನು ಮಾತಾಡಿಸುವುದಾದರೆ ಬೆಳಗ್ಗೆ ಹೋಗಿ, ಜೊತೆಗೆ ತಮಿಳು ಬಲ್ಲವರೊಬ್ಬರಿರಲಿ, ಫಾರಂ ತುಂಬಿಸುವ ಮುಂಚೆ ಅವರ ಮಾತು ಪೂರ್ತಿ ಕೇಳಿ. ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಮೇಲೆ ಫೋಟೋಗೆ ಅಂತ ಹತ್ತುವವರಿದ್ದಾರೆ. ಗಾಳಿ ಬೀಸುವಾಗ ಅದರ ಹತ್ತಿರವೂ ಹೋಗಬೇಡಿ.